ಅಟ್ಟದ ಮೇಲಿಟ್ಟ ಬೋರ್ಡು

ರಂಜಾನ್ ಹಬ್ಬ ಮುಗಿದ ಮಾರನೆಯ ದಿನ ಮಹಮ್ಮದ್ ಇಸ್ಮಾಯಿಲ್ ತಮ್ಮ ವಿಡಿಯೋ ಗೇಮ್ ಅಂಗಡಿಯ ಷಟರ್ ಎತ್ತಿ, ಫೈಟಿಂಗ್ ಆಟದ ಪೆಟ್ಟಿಗೆಗೆ ಕರೆಂಟು ಕೊಟ್ಟರು. ಪರದೆ ನೀಲಿಯಾಯಿತು. ನೀಲಿಯಾಗಿಯೇ ಉಳಿಯಿತು.

ಬಾಗಿಲಲ್ಲಿ ಗುಂಪುಗಟ್ಟಿದ್ದ ಹುಡುಗರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ತಿಪಟೂರಿನಲ್ಲಿ ಆ ಆಟ ಇದ್ದದ್ದು ಅದೊಂದೇ ಅಂಗಡಿಯಲ್ಲಿ. ಅದರ ನಿಜವಾದ ಹೆಸರು ಯಾರ ನಾಲಗೆಯ ಮೇಲೂ ಹೊರಳುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅದನ್ನು ಜಡೆಯವಳ ಆಟ ಎನ್ನುತ್ತಿದ್ದರು. ಉದ್ದ ಜಡೆಯ ಹೆಣ್ಣೊಬ್ಬಳು ಜಡೆ ಬೀಸಿಯೇ ಗಂಡಸರನ್ನು ಕೆಡವುತ್ತಿದ್ದಳು. ಕೊಬ್ಬರಿ ಹರಾಜಿನ ದಿನ ಅಪ್ಪಂದಿರ ಜೊತೆ ಬರುತ್ತಿದ್ದ ಬಿಳಿಗೆರೆ, ಕೆಂಕೆರೆ ಕಡೆಯ ಹುಡುಗರು, ಚೀಲ ಇಳಿಸುವ ಗಲಾಟೆಯಲ್ಲಿ ಅಪ್ಪನ ಕಣ್ಣು ತಪ್ಪಿಸಿ ಅವಳನ್ನು ಕಾಣಲು ಓಡಿ ಬರುತ್ತಿದ್ದರು. ಎರಡು ಸಾವಿರದ ಎರಡನೇ ಇಸವಿಯ ಹೊತ್ತಿಗೆ ಅಂಗಡಿ ನಡೆಯುತ್ತಿದ್ದದ್ದೇ ಅವಳಿಂದ. ಪಕ್ಕದಲ್ಲಿದ್ದ ಇನ್ನೊಂದು ಪೆಟ್ಟಿಗೆಯ ವಿಮಾನದ ಆಟ, ಜಡೆಯವಳಿಗಾಗಿ ಕಾದು ಬೇಸತ್ತವರಿಗೆ ಮಾತ್ರ.

ಪೆಟ್ಟಿಗೆ ಬರೀ ಮರ ಮತ್ತು ಟೀವಿ. ಆಟವೆಲ್ಲ ಇರುವುದು ಒಳಗಿನ ಬೋರ್ಡಿನಲ್ಲಿ. ಅದು ಮೊರದಷ್ಟು ಅಗಲದ್ದು, ಪ್ಲಾಸ್ಟಿಕ್ ಹೊದಿಕೆಯದು. ರಂಜಾನ್ ತಿಂಗಳಲ್ಲಿ ಇಸ್ಮಾಯಿಲ್ ಅಂಗಡಿ ಮುಚ್ಚುತ್ತಿದ್ದರು. ಮುಚ್ಚಿದ ಅಂಗಡಿಯಲ್ಲಿ ಜಡೆಯವಳ ಬೋರ್ಡು ಬಿಡಲು ಧೈರ್ಯ ಸಾಲದೆ ಈ ಸಲ ಅದನ್ನು ಬಿಚ್ಚಿ ಮನೆಗೆ ತಂದಿದ್ದರು. ಹಬ್ಬದ ಹಿಂದಿನ ದಿನ ಅದು ಅಂಗಡಿಗೆ ವಾಪಸು ಹೋಯಿತು. ಅವತ್ತು ಸಂಜೆ ಅದನ್ನು ಒರೆಸಿ, ಪೆಟ್ಟಿಗೆಗೆ ಜೋಡಿಸಿ, ಬೀಗ ಹಾಕಿಕೊಂಡು ಹೋದವನು ಇಜಾಜ್.

ಇಜಾಜ್ ಅಂಗಡಿಯ ಮೆಕ್ಯಾನಿಕ್. ತುರುವೇಕೆರೆಯವನು. ಇಸ್ಮಾಯಿಲ್‌ಗೆ ರಕ್ತಸಂಬಂಧಿಯಲ್ಲ, ಆದರೆ ಅವರನ್ನು ಭಾಯ್ ಎಂದೂ ಅವರ ಹೆಂಡತಿ ಖತೀಜಾ ಬೀಯನ್ನು ಭಾಬಿ ಎಂದೂ ಕರೆಯುತ್ತ, ಅವರ ಮನೆಯಲ್ಲೇ ಉಂಡು, ಅಂಗಡಿಯ ಇನ್ನೊಂದು ಬೀಗದಕೈ ಇಟ್ಟುಕೊಂಡಿದ್ದವನು. ಊರಿನಲ್ಲಿ ತನ್ನದೇ ಒಂದು ಅಂಗಡಿ ಇಡಬೇಕು ಅಂತ ಈಚೆಗೆ ಹೇಳತೊಡಗಿದ್ದ. ಹಬ್ಬದ ಹಿಂದಿನ ರಾತ್ರಿ ಅವನು ರಟ್ಟಿನ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ತುರುವೇಕೆರೆ ಬಸ್ಸಿನಲ್ಲಿ ಕೂತಿದ್ದನ್ನು ಬಸ್ ಸ್ಟ್ಯಾಂಡಿನ ಎದುರಿನ ಬೀಡಾ ಅಂಗಡಿಯವರು ನೋಡಿದ್ದರು. ತಂಗಿಯ ಮನೆಯ ಮಿಕ್ಸಿ, ರಿಪೇರಿಗೆ ತಂದದ್ದು ಅಂದ ಇಜಾಜ್. ಇಸ್ಮಾಯಿಲ್ ನಂಬಲಿಲ್ಲ.

“ಬೋರ್ಡು ಬದಲಾಯಿಸವ್ನೆ. ಒಳ್ಳೇದು ಹೊತ್ತ್ಕೊಂಡೋಗಿ ಸತ್ತದ್ದನ್ನ ಇಟ್ಟವ್ನೆ. ನೋಡೋಕೆ ಎರಡೂ ಒಂದೇ ತರ ಇರ್ತವೆ.”

ಬೋರ್ಡು ಮನೆಯಲ್ಲಿದ್ದಾಗ ಏನಾದರೂ ಆಗಿರಬಹುದೇ ಎಂದು ಮನೆಗೆ ಬಂದ ಯಾರೋ ಕೇಳಿದ್ದರು. ಒಳಗಿನಿಂದ ಖತೀಜಾ ಬೀ ಉತ್ತರ ಕೊಟ್ಟಿದ್ದರು. “ನನ್ನ ಮನೇಲಿ ಅದಕ್ಕೆ ಏನೂ ಆಗಿಲ್ಲ. ಕೂಸಿನಂಗೆ ಇಟ್ಟಿದ್ದೀನಿ.” ಆ ಮನೆಯಲ್ಲಿ ಅವರು ಇಟ್ಟದ್ದು ಯಾವುದೂ ಕೆಡುವುದಿಲ್ಲ ಎಂಬುದು ಇಡೀ ಬೀದಿಗೆ ಗೊತ್ತಿತ್ತು. ಆ ಮಾತೇ ಇಜಾಜ್‌ನ ಕತ್ತಿಗೆ ಉರುಳಾಯಿತು. ಮನೆಯಲ್ಲಿ ಕೆಟ್ಟಿಲ್ಲವೆಂದರೆ ಅಂಗಡಿಯಲ್ಲಿ ಕೆಟ್ಟಿರಬೇಕು. ಅಂಗಡಿಯಲ್ಲಿ ಅದನ್ನು ಮುಟ್ಟಿದವನು ಒಬ್ಬನೇ.

ಇಸ್ಮಾಯಿಲ್ ಅವನ ಕೈಯಿಂದ ಬೀಗದಕೈ ಕಿತ್ತುಕೊಂಡರು. ಮಾತು ಮಸೀದಿಯವರೆಗೂ ಹೋಯಿತು. ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ ಸಾಬರು ಮನೆಗೇ ಬಂದು ಇಬ್ಬರಿಗೂ ಬುದ್ಧಿ ಹೇಳಿ ಸೋತು, ಕೊನೆಗೆ ಒಂದು ತೀರ್ಮಾನ ಕೊಟ್ಟರು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಂಚೆ ಅಂಗಡಿಯಲ್ಲೇ ಇಬ್ಬರ ಮಾತನ್ನೂ ಕೇಳುವುದು. ಆಗಲೂ ತೀರದಿದ್ದರೆ ನಮಾಜು ಮುಗಿದ ಮೇಲೆ ನೆರೆದ ಜಮಾತಿನ ಎದುರು ಇಜಾಜ್ ಖುರಾನ್ ಮುಟ್ಟಿ ಆಣೆ ಮಾಡುವುದು. ಇಜಾಜ್ ಒಪ್ಪಿಕೊಂಡ. ಒಪ್ಪಿಕೊಳ್ಳುವಾಗ ಅವನ ಮುಖ ನೋಡಿದವರು ಕಡಿಮೆ. ಜುಬೇರ್ ನೋಡಿದ್ದ.

ಜುಬೇರ್ ಇಸ್ಮಾಯಿಲ್‌ರ ಮಗ, ಬಿ.ಕಾಂ. ಕೊನೆಯ ವರ್ಷದವನು. ಆಟದ ಪೆಟ್ಟಿಗೆಯ ಗುಂಡಿಗಳು ಎಷ್ಟು ಗಟ್ಟಿಯಿರಬೇಕು, ಆಡಿಸುವ ಕೋಲು ಎಷ್ಟು ಸಡಿಲವಿರಬೇಕು ಅಂತ ಅವನ ಬೆರಳು ಹಿಡಿದು ತೋರಿಸಿಕೊಟ್ಟವನು ಇಜಾಜ್. ಮಸೀದಿಯಲ್ಲಿ ಆಣೆ ಮಾಡಿದವನು ನಿರಪರಾಧಿಯಾಗಿ ಹೊರಬಂದರೂ ಆಣೆ ಮಾಡಿಸಿದ ಮನೆಯಲ್ಲಿ ಮತ್ತೆ ನೀರು ಕುಡಿಯುವುದಿಲ್ಲ. ತುರುವೇಕೆರೆಯಲ್ಲಿ ಅಂಗಡಿ ಇಟ್ಟರೂ, ಆಣೆಗೆ ನಿಂತವನಂತೆ ಎಂಬ ಮಾತು ಅವನಿಗಿಂತ ಮುಂಚೆಯೇ ಅಲ್ಲಿ ಹೋಗಿ ಕೂತಿರುತ್ತದೆ.

*

ಗುರುವಾರ ಬೆಳಿಗ್ಗೆ ಬೀರೇಶ್ ಕಂಪ್ಯೂಟರ್ ಸೆಂಟರಿನ ಬಾಗಿಲಲ್ಲಿ ನಿಂತು ಕೈ ಬೀಸಿದ. ಬಿಳಿಗೆರೆಯ ಕರಿಯಣ್ಣನವರ ಮಗ ಬೀರೇಶ್ ಜುಬೇರ್‌ನ ಜೊತೆ ಓದಿದವನು, ಈಗ ಆ ಸೆಂಟರಿನಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದ.

“ಲೇ ಜುಬೇರ, ಬಾರ್ಲಾ ಇಲ್ಲಿ. ಯಾರು ಬಂದವ್ರೆ ನೋಡು.”

ಕಂಪ್ಯೂಟರಿನ ಪರದೆಯ ಮೇಲೆ ಜಡೆಯವಳು ನಿಂತಿದ್ದಳು. ಅದೇ ಕೆಂಪು ಪಟ್ಟಿ, ನಿಂತಲ್ಲೇ ಉಸಿರಾಡುವಾಗ ಅಲುಗುವ ಅದೇ ಜಡೆ.

“ಎಲ್ಲಿಂದ ತಂದ್ಯೋ ಇದನ್ನ?”

“ಬೆಂಗಳೂರಿಂದ ಭಾವ ಸೀಡಿ ತಂದ. ಹಳೇ ಆಟ ಎಲ್ಲಾ ಇದ್ರಲ್ಲೇ ಐತೆ ಕಣ್ಲಾ. ಎಮ್ಯುಲೇಟರ್ ಅಂತಾರೆ. ಈ ಕಂಪ್ಯೂಟರು ನಿಮ್ಮ ಪೆಟ್ಟಿಗೆ ತರಾ ನಟನೆ ಮಾಡುತ್ತೆ, ಆಟಕ್ಕೆ ಗೊತ್ತೇ ಆಗಲ್ಲ. ಕಾಸು ಹಾಕಬೇಕಾ? ಇಗೋ, ಈ ಕೀ ಒತ್ತು, ಕಾಸು ಬಿತ್ತು.” ಬೀರೇಶ್ ಒತ್ತಿದ. ಟಣ್ ಎಂದಿತು. “ನಿಮ್ಮಪ್ಪಂಗೆ ಮಾತ್ರ ಹೇಳಬೇಡ ಮಾರಾಯ, ಸೌದೆ ತಕ್ಕೊಂಡು ಬತ್ತಾರೆ.”

ಜುಬೇರ್ ನಗಲಿಲ್ಲ. “ಬೋರ್ಡಿನಿಂದ ಆಟ ಹೊರಗೆ ತೆಗೆಯೋಕೆ ಆಗುತ್ತಾ?”

“ಸುಮ್ನೆ ಆಗಲ್ಲ. ಈ ಕಂಪನಿಯೋರು ಭಾರಿ ಕಿಲಾಡಿಗಳು. ಯಾರೂ ಕಾಪಿ ಹೊಡೀಬಾರದು ಅಂತ ಆಟಕ್ಕೆ ಬೀಗ ಹಾಕಿ, ಬೀಗದಕೈನ ಬೋರ್ಡಿನೊಳಗೇ ಒಂದು ಕಡೆ ಬರೆದವ್ರೆ. ಕಲ್ಲಿನ ಮೇಲಲ್ಲ, ನೆನಪಿನ ಮೇಲೆ. ಒಂದು ಸಣ್ಣ ಸೆಲ್ ಆ ನೆನಪನ್ನ ಕಾಯ್ತಾ ಇರುತ್ತೆ. ಹೊರಗಿನ ಕರೆಂಟು ಹೋದ್ರೂ ಚಿಂತೆ ಇಲ್ಲ. ಆ ಸೆಲ್ ಹೋಯ್ತು ಅನ್ನು, ಬೋರ್ಡು ತನ್ನ ಬೀಗದಕೈ ತಾನೇ ಮರೆತುಬುಡುತ್ತೆ. ಆಮೇಲೆ ಹೊಸ ಸೆಲ್ ಹಾಕಿದ್ರೂ ಅಷ್ಟೇ, ಹಳೇದೇ ಹಾಕಿದ್ರೂ ಅಷ್ಟೇ. ಪರದೆ ಬಣ್ಣ ತೋರಿಸ್ಕೊಂಡು ಕೂತಿರುತ್ತೆ. ಯಾವ್ದೋ ದೇಶದ ಹುಡುಗರು ವರ್ಷಗಟ್ಲೆ ಕೂತು ಆ ಬೀಗ ಒಡೆದವ್ರೆ. ಇದು ಬೀಗ ಇಲ್ಲದ ಆಟ. ಅದ್ಕೇ ಇಲ್ಲಿ ನಡೀತೈತೆ.”

ಅವನು ಇನ್ನೂ ಏನೇನೋ ಹೇಳುತ್ತಿದ್ದ. ಜುಬೇರ್‌ನ ಕಿವಿಗೆ ಅದು ಬೀಳುತ್ತಿರಲಿಲ್ಲ.

ಅವನಿಗೆ ಮನೆಯ ಅಟ್ಟ ಕಾಣುತ್ತಿತ್ತು. ಅಡಿಗೆಮನೆಯ ಮೇಲಿನ ಅಟ್ಟ. ಕೆಂಕೆರೆಯ ಮಾವನ ತೋಟದ ಕಾಯಿಗಳನ್ನು ಅಮ್ಮಿ ಅಲ್ಲಿ ಹರವಿ, ಕೆಳಗಿನ ಒಲೆಯ ಬಿಸಿಗೆ ವರ್ಷ ತುಂಬುವವರೆಗೆ ಒಣಗಲು ಬಿಡುತ್ತಿದ್ದರು. ಆಗಾಗ ಏಣಿ ಹತ್ತಿ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿತೋ ಇಲ್ಲವೋ ಅಂತ ಕೇಳುತ್ತಿದ್ದರು. ಮನೆಯಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗ ಇರಲಿಲ್ಲ. ಬೋರ್ಡನ್ನು ಅಲ್ಲೇ ಇಡಬೇಕೆಂದವರು ಅಮ್ಮಿಯೇ. ಜುಬೇರ್ ಕೆಳಗಿನಿಂದ ಎತ್ತಿಕೊಟ್ಟಿದ್ದ. ಮೇಲೆ ಕಾಯಿಗಳು ಗಡಗಡ ಉರುಳಿದ್ದವು. ಅಮ್ಮಿ ಬೋರ್ಡನ್ನು ಮಡಿಲಲ್ಲಿಟ್ಟುಕೊಂಡು ಅದರ ಪಕ್ಕದಲ್ಲಿ ವೈರಿಗೆ ನೇತಾಡುತ್ತಿದ್ದ ಪುಟ್ಟ ಡಬ್ಬಿಯನ್ನು ಬೆರಳಿನಿಂದ ತೆರೆದಿದ್ದರು. ಗೋಡೆ ಗಡಿಯಾರಕ್ಕೆ ಇರುವಂಥ ಡಬ್ಬಿ, ಬೋರ್ಡು ಮಾರಿದ ಬೆಂಗಳೂರಿನ ವ್ಯಾಪಾರಿ ಕೂರಿಸಿದ್ದು.

“ಇದ್ರಲ್ಲೂ ಸೆಲ್ ಐತಲ್ಲೋ! ಹಿಂಗೇ ಇಟ್ರೆ ನೀರು ಬಿಟ್ಕೊಂಡು ಎಲ್ಲಾ ತಿಂದಾಕುತ್ತೆ. ನಮ್ಮ ರೇಡಿಯೋ ಹೋಗಿದ್ದು ಹೆಂಗೆ?”

ಟಾರ್ಚು, ರೇಡಿಯೋ, ಆಟದ ಸಾಮಾನು, ಯಾವುದನ್ನು ಎತ್ತಿಡುವಾಗಲೂ ಅಮ್ಮಿ ಮೊದಲು ಸೆಲ್ ತೆಗೆಯುತ್ತಿದ್ದರು. ಅವತ್ತೂ ತೆಗೆದರು. ಬಟ್ಟೆಯ ಚೂರಿನಲ್ಲಿ ಸುತ್ತಿ ಸೆಲ್ಲುಗಳ ಡಬ್ಬದಲ್ಲಿಟ್ಟರು. ಹಬ್ಬದ ಹಿಂದಿನ ದಿನ ಬೋರ್ಡು ಕೆಳಗಿಳಿಸಿದಾಗ ನೆನಪಿಟ್ಟು, ಸರಿಯಾದ ದಿಕ್ಕಿಗೇ ಹಾಕಿ ಮುಚ್ಚಿದರು. ಒಂದು ಚೂರೂ ಧೂಳಿರಲಿಲ್ಲ. ಕೂಸಿನಂಗೆ ಇಟ್ಟಿದ್ದರು.

“ಯಾಕ್ಲಾ, ಮುಖ ಹಂಗ್ ಆಯ್ತು?” ಎಂದ ಬೀರೇಶ್.

“ಅಬ್ಬನ್ನ ಕರ್ಕೊಂಡು ಬರ್ತೀನಿ. ನನಗೆ ಹೇಳಿದ್ದನ್ನ ಅವರಿಗೂ ಹೇಳು. ಹಂಗೇ ಹೇಳು.”

ಅಮ್ಮಿಯ ಮಾತು ಎತ್ತದೆಯೇ ಕೆಲಸ ಆಗಬಹುದು ಎಂದುಕೊಂಡ ಜುಬೇರ್. ಸೆಲ್ ತಾನಾಗಿಯೇ ಸತ್ತಿರಬಹುದು ಅಂತ ಅಬ್ಬನಿಗೆ ಅನ್ನಿಸಿದರೆ ಸಾಕು. ಯಾರ ತಪ್ಪೂ ಅಲ್ಲ ಎಂದಾಗಿಬಿಡುತ್ತದೆ.

*

ಅಬ್ಬ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಪರದೆ ಕಂಡಿತು. ಅವರು ಒಂದು ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ಒಳಗೆ ಬಂದರು.

ಬೀರೇಶ್ ಎದ್ದು ನಿಂತು ಕುರ್ಚಿ ಕೊಟ್ಟು ಎಲ್ಲವನ್ನೂ ಹೇಳಿದ. ಬೀಗ, ಬೀಗದಕೈ, ಸೆಲ್. ಅಬ್ಬ ಕೂರಲಿಲ್ಲ. ಜಡೆಯವಳು ಯಾರೂ ಆಡಿಸದಿದ್ದರೂ ತಾನೇ ಬಂದು, ತಾನೇ ಹೊಡೆದಾಡಿ, ತಾನೇ ಗೆದ್ದು ಕೈಯೆತ್ತುವುದನ್ನು ನೋಡುತ್ತ ನಿಂತರು.

“ಇದು ನನ್ನ ಆಟ,” ಎಂದರು.

“ನಿಮ್ಮದು ಅಂತಲ್ಲ ಸಾಬ್ರೆ. ಅದೇ ಆಟ. ಆದ್ರೆ ನಿಮ್ಮ ಬೋರ್ಡಿಂದ ತೆಗೆದಿದ್ದಲ್ಲ...”

“ಇದು ನನ್ನ ಬೋರ್ಡಿನಲ್ಲಿದ್ದ ಆಟ. ಇಡೀ ತಾಲ್ಲೂಕಿಗೆ ಒಂದೇ ಬೋರ್ಡು ಇತ್ತು. ಅದು ಸತ್ತು ವಾರ ಆಗಿಲ್ಲ, ಆಟ ಇಲ್ಲಿ ಕೂತದೆ.” ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಅನ್ನಿಸಿತು ಜುಬೇರ್‌ಗೆ. “ಅದು ಹೆಂಗೆ ಹೋಯ್ತು ಅಂತ ತಲೆ ಕೆಡಿಸ್ಕೊಂಡಿದ್ದೆ. ಈಗ ಗೊತ್ತಾಯ್ತು. ಅವನು ಬೋರ್ಡು ಕದ್ದಿಲ್ಲ. ಅದರ ಒಳಗಿನ ಪ್ರಾಣ ತೆಗೆದು ಮಾರವ್ನೆ.”

“ಅಬ್ಬ, ಬೀರೇಶ ಹೇಳಿದ್ದು ಕೇಳಿಸ್ಕೊಳ್ಳಿ. ಸೆಲ್ ಹೋದ್ರೆ...”

“ಸೆಲ್ ಎಲ್ಲಿ ಹೋಯ್ತು? ನಾನೇ ಬಿಚ್ಚಿ ನೋಡಿದ್ದೀನಿ. ಜಾಗದಲ್ಲೇ ಐತೆ. ಮೀಟರ್ ಇಟ್ಟು ನೋಡಿದೆ, ಜೀವ ಐತೆ.” ಅವರು ಮಗನ ಕಡೆ ತಿರುಗಿದರು. “ಐತೋ ಇಲ್ವೋ?”

“ಐತೆ,” ಅಂದ ಜುಬೇರ್.

ಅಮ್ಮಿ ಸೆಲ್ ತೆಗೆದಿಟ್ಟದ್ದರ ಬಗ್ಗೆ ಇನ್ನೊಂದು ವಾಕ್ಯ ಬಾಕಿಯಿತ್ತು. ಬೀರೇಶನ ಎದುರಿಗೆ, ಟೈಪಿಂಗಿಗೆ ಬಂದು ಬಾಗಿಲಲ್ಲಿ ನಿಂತಿದ್ದ ಇಬ್ಬರು ಹುಡುಗಿಯರ ಎದುರಿಗೆ ಅದು ಮುಂದೆ ಬರಲಿಲ್ಲ.

“ಬೀರೇಶಪ್ಪ, ನಾಳೆ ಈ ಕಂಪ್ಯೂಟರ್ ಹೊತ್ತ್ಕೊಂಡು ನನ್ನ ಅಂಗಡಿಗೆ ಬಾ. ಮುತವಲ್ಲಿ ಸಾಬ್ರು ನೋಡ್ಲಿ. ಇದಕ್ಕಿಂತ ಸಾಕ್ಷಿ ಬೇಕಾ?”

ಅಬ್ಬ ಹೋದ ಮೇಲೆ ಬೀರೇಶ್ ತಲೆಯ ಮೇಲೆ ಕೈ ಇಟ್ಟುಕೊಂಡ. “ಇಜಾಜಣ್ಣನ್ನ ಉಳಿಸೋಕೆ ಕರ್ಕೊಂಡು ಬಂದ್ಯಾ, ಮುಳುಗಿಸೋಕಾ?”

*

ಶುಕ್ರವಾರ ಬೆಳಿಗ್ಗೆ ಅಬ್ಬ ಬೇಗ ಅಂಗಡಿಗೆ ಹೋದರು. ಜುಬೇರ್ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತ. ಅಮ್ಮಿ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಮುಂದೆ ಹಾಕಿಕೊಂಡು ಒಂದೊಂದಾಗಿ ಕಿವಿಗೆ ಹಿಡಿದು ಆರಿಸುತ್ತಿದ್ದರು. ಗಟಗಟ ಅಂದದ್ದು ಒಂದು ಕಡೆ, ಅನ್ನದ್ದು ಇನ್ನೊಂದು ಕಡೆ.

“ಅಮ್ಮಿ, ಬೋರ್ಡು ಅಟ್ಟಕ್ಕೆ ಹಾಕಿದ ದಿನ ಸೆಲ್ ತೆಗೆದ್ರಲ್ಲ.”

“ಹೂಂ. ತೆಗೆದೆ. ತಿರುಗಾ ಹಾಕ್ದೆ.”

ಅವನು ಹೇಳಿದ. ನಿಧಾನವಾಗಿ, ಬೀರೇಶ್ ಬಳಸಿದ ಮಾತುಗಳಲ್ಲೇ ಹೇಳಿದ. ತಪ್ಪು ಎಂಬ ಪದ ಬರದಂತೆ ನೋಡಿಕೊಂಡ. ಹೇಳಿ ಮುಗಿಸುವಾಗ ಅಮ್ಮಿಯ ಕೈಯಲ್ಲೊಂದು ಕಾಯಿ ಇತ್ತು. ಅದನ್ನು ಅವರು ಕಿವಿಯ ಹತ್ತಿರ ಒಯ್ದವರು ಅಲ್ಲಾಡಿಸಲಿಲ್ಲ. ಹಾಗೇ ಹಿಡಿದುಕೊಂಡರು.

ಪಕ್ಕದ ಮನೆಯಲ್ಲಿ ಯಾರೋ ಬಕೆಟ್ಟಿಗೆ ನೀರು ತುಂಬಿಸುತ್ತಿದ್ದರು. ಬಕೆಟ್ಟು ತುಂಬಿತು. ನಲ್ಲಿ ನಿಂತಿತು.

“ನಿಮಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ,” ಅಂದ ಜುಬೇರ್.

“ನಿಮ್ಮಬ್ಬಂಗೆ ಹೇಳಿದ್ಯಾ?”

“ಇಲ್ಲ.”

“ಯಾಕೆ?”

ಅಮ್ಮಿ ಕಾಯನ್ನು ಕೆಳಗಿಟ್ಟರು, ಯಾವ ಕಡೆಗೂ ಸೇರಿಸದೆ. “ಇಜಾಜ್ ಆಣೆ ಮಾಡೋಕೆ ಒಪ್ಕೊಂಡಾಗ ನಾನು ಈ ಬಾಗಿಲ ಪರದೆ ಹಿಂದೇನೇ ನಿಂತಿದ್ದೆ. ನನ್ನ ಮನೇಲಿ ಏನೂ ಆಗಿಲ್ಲ ಅಂತ ಹೇಳ್ದೋಳು ನಾನೇ.” ಕಾಯಿಗಳನ್ನು ಬದಿಗೆ ಸರಿಸಿ, “ಎಷ್ಟು ಗಂಟೆಗೆ ಬರ್ತಾನೆ?” ಎಂದರು.

“ನಮಾಜಿಗೆ ಮುಂಚೆ.”

ಅಮ್ಮಿ ಎದ್ದು ಕೈ ತೊಳೆದರು. ಅವತ್ತು ಒಲೆ ಹಚ್ಚಲಿಲ್ಲ.

*

ಅಂಗಡಿಯ ಷಟರನ್ನು ಅರ್ಧ ಇಳಿಸಿದ್ದರು. ಒಳಗೆ ಮುತವಲ್ಲಿ ಸಾಬರು ಸ್ಟೂಲಿನ ಮೇಲೆ ಕೂತಿದ್ದರು. ಜಡೆಯವಳ ಪೆಟ್ಟಿಗೆ ಕತ್ತಲಾಗಿತ್ತು. ಅದರ ಮುಂದಿನ ಮೇಜಿನ ಮೇಲೆ ಬೀರೇಶನ ಕಂಪ್ಯೂಟರಿನಲ್ಲಿ ಅವಳು ಯಾರನ್ನೋ ಕೆಡವುತ್ತಿದ್ದಳು. ವಿಮಾನದ ಆಟ ಮೂಲೆಯಲ್ಲಿ ತನ್ನ ಪಾಡಿಗೆ ತಾನು ಗುಂಯ್‌ಗುಡುತ್ತಿತ್ತು.

ಇಜಾಜ್ ಬಗ್ಗಿ ಒಳಗೆ ಬಂದ. ಬಿಳಿ ಜುಬ್ಬಾ ಹಾಕಿದ್ದ. ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂ ಮಾಡಿಕೊಂಡೇ ಬಂದಿದ್ದನೇನೋ, ತೋಳು ಇನ್ನೂ ಒದ್ದೆಯಿತ್ತು. ಸಲಾಮ್ ಹೇಳಿದ. ಮುತವಲ್ಲಿ ಸಾಬರು ಮಾತ್ರ ಉತ್ತರಿಸಿದರು. ಅಬ್ಬ ಕಂಪ್ಯೂಟರಿನ ಕಡೆ ಬೆರಳು ತೋರಿಸಿದರು.

“ಇದೇನು ಇಜಾಜ್?”

ಇಜಾಜ್ ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ಕಳೆದುಹೋದ ಕುರಿ ದಾರಿಯಲ್ಲಿ ಸಿಕ್ಕಿದವನ ಹಾಗೆ ಒಂದು ಹೆಜ್ಜೆ ಮುಂದೆ ಇಟ್ಟ. ಆಮೇಲೆ ಎಲ್ಲರ ಮುಖ ನೋಡಿ ಅಲ್ಲೇ ನಿಂತ.

“ಯಾರಿಗೆ ಮಾರಿದೆ?” ಎಂದರು ಅಬ್ಬ.

“ಭಾಯ್, ನಂಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ.”

“ಅದಕ್ಕೇ ಬೇರೆಯವ್ರಿಗೆ ಕೊಟ್ಟಿದ್ದೀಯ.”

“ಸಾಬ್ರೆ, ನಾನು ಎಷ್ಟು ಸಲ ಹೇಳ್ಲಿ,” ಅಂತ ಬೀರೇಶ್ ಬಾಯಿ ಹಾಕಿದ. “ಈ ಸೀಡಿ ಬೆಂಗಳೂರಲ್ಲಿ ಪುಟ್‌ಪಾತ್ ಮೇಲೆ ಕಡ್ಲೇಕಾಯಿ ತರಾ ರಾಶಿ ಬಿದ್ದಿರುತ್ತೆ...”

“ನೀನು ಸುಮ್ನಿರಪ್ಪ.” ಮುತವಲ್ಲಿ ಸಾಬರು ಗಡ್ಡ ನೀವಿಕೊಂಡರು. “ಇಸ್ಮಾಯಿಲ್, ಈ ಮಿಷನ್ನಿನ ವಿಚಾರ ನಂಗೆ ಅರ್ಥ ಆಗಲ್ಲ. ಇಜಾಜ್, ನೀನು ಆಣೆಗೆ ತಯಾರಿದ್ದೀಯ?”

“ಇದ್ದೀನಿ.”

ಆಗ ಷಟರಿನ ಕೆಳಗೆ ಕಪ್ಪು ಬುರ್ಖಾದ ಅಂಚು ಕಂಡಿತು. ಅಮ್ಮಿ ಬಗ್ಗಿ ಒಳಗೆ ಬಂದರು. ಅಂಗಡಿ ಇಟ್ಟಾಗಿನಿಂದ ಅವರು ಅದರೊಳಗೆ ಕಾಲಿಟ್ಟಿರಲಿಲ್ಲ. ಅಬ್ಬ ಎದ್ದೇ ನಿಂತರು.

“ಇಲ್ಲಿಗ್ಯಾಕೆ ಬಂದೆ?”

“ಸಾಕ್ಷಿ ನನ್ನ ಮಾತಲ್ವಾ? ಅದನ್ನ ನಾನೇ ಹೇಳ್ತೀನಿ.” ಅಮ್ಮಿ ಮುತವಲ್ಲಿ ಸಾಬರ ಕಡೆ ತಿರುಗಿದರು. “ನನ್ನ ಮನೇಲಿ ಏನೂ ಆಗಿಲ್ಲ ಅಂದಿದ್ದೆ. ಆಗೈತೆ. ಅಟ್ಟದ ಮೇಲಿಡುವಾಗ ನಾನು ಅದರ ಸೆಲ್ ತೆಗೆದಿಟ್ಟೆ. ತಿಂಗಳು ಬಿಟ್ಟು ಹಾಕ್ದೆ. ಆ ಬೋರ್ಡು ಸತ್ತಿದ್ದು ಅದಕ್ಕೆ ಅಂತೆ.”

ಅಬ್ಬನ ಮುಖ ಕೆಂಪಾಯಿತು. “ಯಾರು ಹೇಳಿದ್ದು? ಇವನಾ?” ಜುಬೇರ್‌ನನ್ನು ನೋಡಿದರು. “ಅವನ್ನ ಉಳಿಸೋಕೆ ಅಮ್ಮನ ಮೇಲೆ ಹಾಕ್ತೀಯೇನೋ? ಟಾರ್ಚಿನ ಸೆಲ್ ತೆಗೆದ್ರೆ ಟಾರ್ಚು ಸಾಯುತ್ತಾ? ನಾನು ಏಳು ವರ್ಷದಿಂದ ಈ ಅಂಗಡಿ ನಡೆಸ್ತಾ ಇದ್ದೀನಿ, ನಂಗೆ ಗೊತ್ತಿಲ್ದಿರೋದು...”

“ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ,” ಎಂದರು ಅಮ್ಮಿ. “ಇನ್ನೊಂದು ಐತಲ್ಲ.”

ಎಲ್ಲರೂ ಅವರು ನೋಡಿದ ಕಡೆ ನೋಡಿದರು. ಮೂಲೆಯ ಪರದೆಯಲ್ಲಿ ವಿಮಾನಗಳು ಮೋಡದೊಳಗಿಂದ ಇಳಿಯುತ್ತಿದ್ದವು.

“ಅದೂ ಅದೇ ಕಂಪನೀದು, ಅದಕ್ಕೂ ಅಂಥದೇ ಡಬ್ಬಿ ಐತೆ ಅಂದ ಜುಬೇರ. ಅದರ ಸೆಲ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ತಿರುಗಾ ಹಾಕೋಣ. ನೀವು ಹೇಳೋದು ನಿಜ ಆದ್ರೆ ಅದಕ್ಕೆ ಏನೂ ಆಗಲ್ಲ ಅಲ್ವಾ?”

ಅಬ್ಬ ಮೂಲೆಯ ಪೆಟ್ಟಿಗೆಯ ಕಡೆ ತಿರುಗಿದರು.

“ಬೇಡ ಭಾಬಿ,” ಎಂದವನು ಇಜಾಜ್. “ಉಳಿದಿರೋದು ಅದೊಂದೇ. ನಾನು ಆಣೆ ಮಾಡ್ತೀನಿ. ನಂಗೇನು ಭಯ ಇಲ್ಲ. ಅದನ್ನ ಮುಟ್ಟಬೇಡಿ.”

ಅಬ್ಬ ಅವನನ್ನು ನೋಡಿದರು. ಹಬ್ಬದ ಮಾರನೆಯ ದಿನದಿಂದ ಅವರು ಅವನನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಜುಬೇರ್‌ಗೆ ತಾನು ಏನನ್ನು ಬಯಸಬೇಕು ಅನ್ನುವುದೇ ತಿಳಿಯಲಿಲ್ಲ. ಆಟ ಬದುಕಿದರೆ ಅಮ್ಮಿಯ ಕೈ ಶುದ್ಧ, ಇಜಾಜ್ ಕಳ್ಳ. ಆಟ ಸತ್ತರೆ ಇಜಾಜ್ ಉಳಿಯುತ್ತಾನೆ, ಅಂಗಡಿ ಉಳಿಯುವುದಿಲ್ಲ. ಅಬ್ಬನೂ ಅದನ್ನೇ ತೂಗುತ್ತಿದ್ದರೇನೋ. ಗುಂಯ್‌ಗುಡುವ ಸದ್ದೊಂದೇ ಕೇಳುತ್ತಿತ್ತು.

“ತೆಗಿ,” ಎಂದರು ಅಬ್ಬ.

ಅವರೇ ಹೋಗಿ ಸ್ವಿಚ್ ಆರಿಸಿದರು. ಪೆಟ್ಟಿಗೆಯ ಹಿಂಬಾಗಿಲು ತೆರೆಯಲು ಯಾರೂ ಹೇಳದೆಯೇ ಇಜಾಜ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ, ಆಣೆಗೆ ಬರುವಾಗಲೂ ಅದು ಜೇಬಿನಲ್ಲೇ ಇತ್ತು. ಆದರೆ ಸೆಲ್ಲನ್ನು ಅವನು ಮುಟ್ಟಲಿಲ್ಲ, ಹಿಂದೆ ಸರಿದ. ಅಮ್ಮಿ ಪೆಟ್ಟಿಗೆಯೊಳಗೆ ಕೈ ಹಾಕಿದರು. ಅಟ್ಟದ ಮೇಲೆ ಮಾಡಿದ ಹಾಗೇ ಉಗುರಿನಿಂದ ಡಬ್ಬಿ ಎಬ್ಬಿಸಿ ಸೆಲ್ ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡರು.

“ಒಂದು ಟೀ ಕುಡಿಯೋ ಅಷ್ಟು ಹೊತ್ತು ಬಿಡಿ,” ಎಂದ ಬೀರೇಶ್, ಪಿಸುದನಿಯಲ್ಲಿ.

ಟೀ ಯಾರೂ ತರಿಸಲಿಲ್ಲ. ಮುತವಲ್ಲಿ ಸಾಬರು ಜಪಮಣಿ ತಿರುಗಿಸಿದರು. ಹೊರಗೆ ಕೊಬ್ಬರಿ ಚೀಲದ ಗಾಡಿಯೊಂದು ಹೋಯಿತು, ಅದರ ಹಿಂದೆ ಯಾರೋ ಯಾರನ್ನೋ ಬೈದುಕೊಂಡು ಹೋದರು. ಅಮ್ಮಿಯ ಮುಷ್ಟಿಯನ್ನು ಎಲ್ಲರೂ ನೋಡುತ್ತಿದ್ದರು, ನೋಡುತ್ತಿಲ್ಲ ಅನ್ನುವ ಹಾಗೆ.

ಸಾಕು ಅಂತ ಬೀರೇಶ್ ತಲೆಯಾಡಿಸಿದ. ಅಮ್ಮಿ ಸೆಲ್ಲನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಅಬ್ಬ ಸ್ವಿಚ್ಚಿನ ಮೇಲೆ ಬೆರಳಿಟ್ಟರು.

ಕರೆಂಟು ಹೋಯಿತು.

ಬೀರೇಶನ ಕಂಪ್ಯೂಟರಿನ ಪರದೆ ಕಣ್ಣು ಮುಚ್ಚಿತು. ಫ್ಯಾನು ನಿಧಾನವಾಗಿ ನಿಂತಿತು. ಷಟರಿನ ಕೆಳಗಿನಿಂದ ಬರುತ್ತಿದ್ದ ಬೆಳಕಿನ ಪಟ್ಟಿಯಲ್ಲಿ ಎಲ್ಲರ ಪಾದಗಳು ಮಾತ್ರ ಕಾಣುತ್ತಿದ್ದವು.

“ಈ ಕರೆಂಟಿನೋರ ಮನೆ ಹಾಳಾಗ,” ಎಂದ ಬೀರೇಶ್. ಯಾರೂ ನಗಲಿಲ್ಲ.

ನಮಾಜಿಗೆ ಕರೆಯುವ ಅಜಾನಿಗೆ ಹೆಚ್ಚು ಹೊತ್ತಿರಲಿಲ್ಲ. ಅಜಾನ್ ಆದರೆ ಎಲ್ಲರೂ ಏಳಬೇಕು. ಮುತವಲ್ಲಿ ಸಾಬರು ಒಮ್ಮೆ ಕೆಮ್ಮಿ, “ಇಸ್ಮಾಯಿಲ್, ನಮಾಜು ಆದ ಮೇಲೆ...” ಅಂತ ಶುರು ಮಾಡಿದರು. ಮುಂದೇನು ಅಂತ ಎಲ್ಲರಿಗೂ ಗೊತ್ತಿತ್ತು. ನಮಾಜು ಆದ ಮೇಲೆ ಆಣೆ. ಅಬ್ಬನ ಬೆರಳು ಸ್ವಿಚ್ಚಿನ ಮೇಲೇ ಇತ್ತು. ಕತ್ತಲಲ್ಲಿ ಅವರ ಉಸಿರು ಜುಬೇರ್‌ಗೆ ಕೇಳುತ್ತಿತ್ತು. ಇಜಾಜ್ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಿದ್ದ, ಒದ್ದೆ ತೋಳನ್ನು ಜುಬ್ಬಾಗೆ ಒರೆಸಿಕೊಳ್ಳುತ್ತ, ಮತ್ತೆ ಮತ್ತೆ ಅದೇ ತೋಳನ್ನು.

ಫ್ಯಾನು ಕಿರ್ರೆಂದಿತು. ಕರೆಂಟು ಬಂತು.

ಅಬ್ಬ ಸ್ವಿಚ್ ಒತ್ತಿದರು.

ವಿಮಾನದ ಪರದೆ ಬೆಳಗಿತು. ನೀಲಿಯಾಯಿತು. ಮೋಡ ಬರಬೇಕಿತ್ತು. ಎಲ್ಲರೂ ಮೋಡಕ್ಕಾಗಿ ಕಾದರು. ಅಬ್ಬ ಆರಿಸಿ ಮತ್ತೆ ಹಾಕಿದರು. ಮತ್ತೆ ನೀಲಿ. ಹಬ್ಬದ ಮಾರನೆಯ ದಿನದ ಅದೇ ನೀಲಿ. ಅವರು ಪೆಟ್ಟಿಗೆಯ ನೆತ್ತಿಯ ಮೇಲೆ ಕೈಯಿಟ್ಟು, ಜ್ವರ ಬಂದ ಮಗುವನ್ನು ಮುಟ್ಟಿದ ಹಾಗೆ, ಸ್ವಲ್ಪ ಹೊತ್ತು ನಿಂತರು.

“ನಾನೇ,” ಎಂದರು ಅಮ್ಮಿ.

“ನೀನಲ್ಲ,” ಎಂದರು ಅಬ್ಬ, ಯಾರ ಕಡೆಗೂ ತಿರುಗದೆ. “ಸೆಲ್ ತೆಗೆದಿದ್ದು ನೀನು. ಕಳ್ಳ ಅಂದಿದ್ದು ನಾನು.”

ಮುತವಲ್ಲಿ ಸಾಬರು ಸ್ಟೂಲಿನಿಂದ ಎದ್ದು ಟೋಪಿ ಸರಿಮಾಡಿಕೊಂಡರು. “ಆಣೆ ಬೇಕಾಗಿಲ್ಲ,” ಎಂದು, ಇಜಾಜ್‌ನ ಹೆಗಲು ಮುಟ್ಟಿ, ಷಟರಿನ ಕೆಳಗೆ ಬಗ್ಗಿ ಹೋದರು. ಅವರ ಹಿಂದೆಯೇ ಅಜಾನ್ ಶುರುವಾಯಿತು.

ಅಬ್ಬ ಜೇಬಿನಿಂದ ಬೀಗದಕೈ ತೆಗೆದು ಮುಂದೆ ಚಾಚಿದರು. ಇಜಾಜ್ ಅದನ್ನು ನೋಡಿದ, ತೆಗೆದುಕೊಳ್ಳಲಿಲ್ಲ. ಎರಡು ನೀಲಿ ಪೆಟ್ಟಿಗೆಗಳ ಅಂಗಡಿಯ ಬೀಗದಕೈ. ಅಬ್ಬನ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಇಜಾಜ್ ಬಗ್ಗಿ ಪೆಟ್ಟಿಗೆಯ ಹಿಂಬಾಗಿಲನ್ನು ಮುಚ್ಚಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿದ.

“ಬೇಡ ಅಂದ್ರೆ ಬುಡು,” ಎಂದರು ಅಮ್ಮಿ. “ಊಟಕ್ಕೆ ಬಾ.”

ಇಜಾಜ್ ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡ. “ಆಣೆ ಮಾಡೋಕೆ ಅಂತ ವಜೂ ಮಾಡ್ಕೊಂಡು ಬಂದಿದ್ದೆ ಭಾಬಿ. ನಮಾಜು ಮಾಡಿ ಬರ್ತೀನಿ.” ಎಲ್ಲಿಗೆ ಬರುತ್ತೀನಿ ಅಂತ ಹೇಳಲಿಲ್ಲ.

*

ನಮಾಜಿನ ಹೊತ್ತಿಗೆ ಅಬ್ಬ ಯಾವಾಗಲೂ ಮುಂದಿನ ಸಾಲಿನಲ್ಲಿ ನಿಲ್ಲುವವರು. ಅವತ್ತು ಕೊನೆಯ ಸಾಲಿಗೆ ಬಂದು ಇಜಾಜ್‌ನ ಪಕ್ಕ ನಿಂತರು. ಸಾಲು ನೇರ ಮಾಡಿ, ನಡುವೆ ಜಾಗ ಬಿಡಬೇಡಿ ಅಂತ ಇಮಾಮರು ಹೇಳಿದಾಗ ಇಬ್ಬರ ಭುಜಗಳೂ ಸೇರಿದವು. ಅದು ಎಲ್ಲರೂ ಮಾಡುವುದೇ. ಅದರಿಂದ ಏನನ್ನೂ ತಿಳಿಯಲು ಆಗುವುದಿಲ್ಲ ಎಂದು ಜುಬೇರ್‌ಗೆ ಗೊತ್ತಿತ್ತು.

ನಮಾಜು ಮುಗಿದ ಮೇಲೆ ಅವನು ಚಪ್ಪಲಿಗಳ ಹತ್ತಿರ ಕಾದು ನಿಂತ. ಇಜಾಜ್ ಬಂದ. ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದ. ಎಡಕ್ಕೆ ಹೋದರೆ ಬಸ್ ಸ್ಟ್ಯಾಂಡು. ಅಲ್ಲಿ ತುರುವೇಕೆರೆ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ ದನಿ ಇಲ್ಲಿಗೂ ಕೇಳುತ್ತಿತ್ತು. ಬಲಕ್ಕೆ ಮನೆ. ಅಬ್ಬ ಮೆಟ್ಟಿಲ ಮೇಲೇ ನಿಂತಿದ್ದರು, ಮುಂದೆ ಬರದೆ, ಒಳಗೂ ಹೋಗದೆ.

ಇಜಾಜ್ ಅವರ ಕಡೆ ನೋಡಲಿಲ್ಲ. ಜುಬೇರ್‌ನನ್ನು ಕೇಳಿದ.

“ಭಾ​ಬಿ ಇವತ್ತು ಏನ್ಲಾ ಮಾಡವ್ರೆ?”

“ಏನೂ ಮಾಡಿಲ್ಲ ಚಾಚಾ. ಬೆಳಗ್ಗೆಯಿಂದ ಒಲೆ ಹಚ್ಚಿಲ್ಲ.”

ಕಂಡಕ್ಟರ್ ಇನ್ನೊಮ್ಮೆ ಕೂಗಿದ. ಬಸ್ಸು ಹೊರಡುವ ಸದ್ದಾಯಿತು.

“ಹಂಗಾದ್ರೆ ಹೊತ್ತಾಗುತ್ತೆ,” ಎಂದ ಇಜಾಜ್. ಬಸ್ಸಿನ ಸದ್ದು ಸರ್ಕಲ್ ದಾಟಿ ಹೋಗುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಬಲಕ್ಕೆ ತಿರುಗಿದ. ಜುಬೇರ್ ಅವನ ಜೊತೆ ಹೆಜ್ಜೆ ಹಾಕಿದ. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಅಬ್ಬನ ಚಪ್ಪಲಿಯ ಸದ್ದು ಕೇಳಿಸಿತು.